ಒಂದು ಮಗ್ಗುಲಿಗೆ ಹದಿನಾಲ್ಕು ರೊಟ್ಟಿ

ನಮ್ಮ ಮನೆಯಲ್ಲಿ ಬೆಳಿಗ್ಗೆ ಹಂಚು ಕಾಯುವುದಕ್ಕೂ ಶಿವಮತ ಭೈರವ ರಾಗ ಶುರುವಾಗುವುದಕ್ಕೂ ಸರಿಹೋಗುತ್ತದೆ. ರೊಟ್ಟಿ ಬಡಿಯುವ ಕೈಗೂ ತಬಲಾಕ್ಕೂ ಎಂದೂ ಕೂಡಿಬಂದಿಲ್ಲ. 28 ವರ್ಷದಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಕೈ ಬಿದ್ದದ್ದನ್ನು ಎಣಿಸಲು ಒಂದು ಕೈಬೆರಳು ಸಾಕು. ಆದರೆ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆ ಕ್ಯಾಸೆಟ್ಟಿನ ಒಂದು ಮಗ್ಗುಲು ಎಂದರೆ ನನಗೆ 14 ರೊಟ್ಟಿ. ಗಡಿಯಾರ ನೋಡುವುದಿಲ್ಲ. ಟೇಪು ಟಕ್ ಎಂದು ನಿಂತಿತೆಂದರೆ ಮಗಳನ್ನು ಎಬ್ಬಿಸುವ ಹೊತ್ತು.

ಹೋದ ವರ್ಷ ಅದು 15 ರೊಟ್ಟಿಯಾಯಿತು. ಈ ವಿಮರ್ಶೆ ಬರೆಯಲು ಅದೇ ಕಾರಣ.

ಈಗ ನಮ್ಮಲ್ಲಿ ಸರತಿಯ ಮೇಲೆ ತಿರುಗುವವು ಏಳೆಂಟು ಧ್ವನಿಮುದ್ರಣಗಳು. ಮುಂಜಾನೆ ಮನ್ಸೂರರು, ಸಂಜೆ ಗಂಗೂಬಾಯಿ ಹಾನಗಲ್ ಅಥವಾ ಭೀಮಸೇನ ಜೋಶಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಬ್ದುಲ್ ಕರೀಮ್ ಖಾನ್. ಕುಮಾರ ಗಂಧರ್ವರು ಮನಸ್ಸು ಬಂದಾಗ. ನೂರಾರು ಕೇಳಿದ ಮೇಲೆ ಉಳಿದವು ಇವು. ಹುಬ್ಬಳ್ಳಿಯವಳು ನಾನು, ಆದ್ದರಿಂದ ಪಟ್ಟಿ ಹೀಗೆ ಓರೆಯಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರ ವೀಣೆ ನಮ್ಮಲ್ಲೂ ಇದೆ, ಆದರೆ ಅದು ನಮ್ಮವರ ಸರತಿ. ಅವರು ತುಮಕೂರಿನ ಕಡೆಯವರು.

ಮೊದಲು ಯಂತ್ರದ ಮಾತು ಮುಗಿಸುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದಕ್ಕೇ ತಗಲಿಕೊಂಡಿದೆ. ಟೇಪ್ ರೆಕಾರ್ಡರ್ ಅಪ್ಪ ತಂದದ್ದು. ಕಂಪನಿಯ ಹೆಸರು ಬೇಡ. ಎರಡು ಸಲ ಬೆಲ್ಟ್ ಬದಲಾಗಿದೆ, ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಎಷ್ಟು ಸಲ ಒರೆಸಿದ್ದೇನೋ ನೆನಪಿಲ್ಲ. ಮನೆಯಲ್ಲಿ ಬೇರೊಂದು ಟೇಪು ಇರಲೇ ಇಲ್ಲವಾದ್ದರಿಂದ ಅದು ಹೇಗೆ ಓಡುತ್ತದೋ ಅದೇ ಸರಿಯಾದ ಓಟ ಎಂದುಕೊಂಡಿದ್ದೆವು. ಮಗಳು ಹಾಡು ಕಲಿಯಲು ಹೋದಳು, ಪೇಟಿ (ಹಾರ್ಮೋನಿಯಂ) ಬಂತು. ಒಂದು ಬೆಳಿಗ್ಗೆ ಅವಳು ಮನ್ಸೂರರ ಷಡ್ಜಕ್ಕೆ, ಅಂದರೆ ಅವರ 'ಸ'ಕ್ಕೆ, ಪೇಟಿಯ ಮನೆ ಹಿಡಿದು ಕೂತಳು. ಆಮೇಲೆ ಅದೇ ಮುದ್ರಣವನ್ನು ಮೊಬೈಲಿನಲ್ಲಿ ಹಚ್ಚಿದಳು. ಷಡ್ಜ ಒಂದು ಮನೆ ಕೆಳಗೆ ಇಳಿದಿತ್ತು.

"ಅವ್ವಾ, ನಿನ್ನ ಟೇಪು ಓಡಾಕತ್ತೇತಿ," ಎಂದಳು. "ಅಜ್ಜಾರು ಅಷ್ಟು ಮ್ಯಾಲೆ ಹಾಡಿಲ್ಲ."

ಲೆಕ್ಕ ಸುಲಭ. ಟೇಪು ನೂರಕ್ಕೆ ಆರು ಪಾಲು ಜೋರಾಗಿ ಓಡಿದರೆ ಸ್ವರ ಪೇಟಿಯ ಒಂದು ಮನೆ ಮೇಲೇರುತ್ತದೆ, ಅಂದರೆ ಅರ್ಧ ಸ್ವರ. 30 ನಿಮಿಷದ ಮಗ್ಗುಲು 28 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ನನ್ನ ಒಂದು ರೊಟ್ಟಿಯನ್ನು ಅಷ್ಟು ವರ್ಷ ಆ ಮೋಟಾರು ತಿಂದಿತ್ತು.

ರಿಪೇರಿಯವರ ಹತ್ತಿರ ಒಯ್ದೆ. ಹಿಂದಿನ ಮುಚ್ಚಳ ಬಿಚ್ಚಿ ಮೋಟಾರಿನ ಬೆನ್ನಲ್ಲಿದ್ದ ಸೂಜಿಯಷ್ಟು ತೂತು ತೋರಿಸಿದರು. ಒಳಗೊಂದು ಸಣ್ಣ ತಿರುಪು. ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ವೇಗ ಬದಲಾಗುತ್ತದೆ. ಮಗಳು ಮೊಬೈಲಿನಲ್ಲಿ ತಂಬೂರಿ ಹಚ್ಚಿ ಪಕ್ಕದಲ್ಲಿ ನಿಂತಳು, ಅವರು ತಿರುಗಿಸುತ್ತ ಹೋದರು. ಮನ್ಸೂರರು ಕಣ್ಣೆದುರಿಗೇ ಇಳಿಯುತ್ತ ಬಂದು ತಂಬೂರಿಗೆ ಕೂತರು.

ಸರಿಯಾದ ವೇಗದ ಮನ್ಸೂರರು ಮೊದಲ ವಾರ ನನಗೆ ಹಿಡಿಸಲಿಲ್ಲ. ನಿಜ ಹೇಳಬೇಕಲ್ಲ. ನನ್ನ ಮನ್ಸೂರರು ಚುರುಕು, ಮಾತಿನ ಮಧ್ಯೆ ಎದ್ದು ಹೋಗುವ ಮನುಷ್ಯನಂಥವರು. ಇವರು ಮುದುಕರು, ಎದೆಯಲ್ಲಿ ತುಸು ಕರಕರ. ಅದು ಸಹಜವೇ. 1910ರಲ್ಲಿ ಹುಟ್ಟಿದವರು, ದೇಶ ಅವರನ್ನು ಕರೆದು ಕೂರಿಸಿದ್ದು ಅರವತ್ತು ದಾಟಿದ ಮೇಲೆ. ನಮ್ಮ ಕೈಗೆ ಸಿಗುವ ದೊಡ್ಡ ಮುದ್ರಣಗಳು ಬಹುಪಾಲು ಆ ಮೇಲಿನವು. ಎರಡನೇ ವಾರದಲ್ಲಿ ಉಸಿರು ಕೇಳಿಸತೊಡಗಿತು. ಅವರು ಬೇರೆಯವರಂತೆ ಮುಕ್ಕಾಲು ಗಂಟೆ ಆಲಾಪದಲ್ಲಿ ಕೂರುವುದಿಲ್ಲ. ತಬಲಾ ಜೊತೆಗೇ ಬಂದಿಶ್, ಅಂದರೆ ರಾಗದ ಹಾಡು, ಎತ್ತಿಕೊಂಡು ಹೊರಡುತ್ತಾರೆ. ಒಂದು ಮಾತು ಮುಗಿಯುವ ಮುಂಚೆ ಇನ್ನೊಂದನ್ನು ಅದರ ಬಾಲಕ್ಕೆ ಕಟ್ಟುತ್ತಾರೆ. ಉಸಿರು ಎಲ್ಲಿ ತಗೊಂಡರು ಎಂದು ಹುಡುಕಬೇಕು. ಜೋರಾಗಿ ಓಡುವ ಟೇಪಿನಲ್ಲಿ ಆ ಗಂಟುಗಳು ಒಂದರೊಳಗೊಂದು ಹೂತುಹೋಗಿದ್ದವು. ಈಗ ಭೈರವದ ನಡುವೆ ಕೋಮಲ ಗಾಂಧಾರ ಬಂದು ತೋಡಿ ರಾಗದ ನೆರಳು ಬೀಳುತ್ತದಲ್ಲ, ಆ ಜಾಗದಲ್ಲಿ ಅವರು ಒಂದು ಚೂರು ತಡೆಯುತ್ತಾರೆ. ಅಷ್ಟು ವರ್ಷ ನನಗೆ ಆ ತಡೆ ಗೊತ್ತಿರಲಿಲ್ಲ. ಐದಕ್ಕೆ ಐದು.

ಅವರ ಗೌಡ ಮಲ್ಹಾರ ಮಳೆಗಾಲಕ್ಕೆಂದು ಎತ್ತಿಟ್ಟದ್ದು, ಉಳಿದ ದಿನ ಮುಟ್ಟುವುದಿಲ್ಲ. ಅಕ್ಕಮಹಾದೇವಿಯ 'ಅಕ್ಕ ಕೇಳವ್ವ' ವಚನ ಮಾತ್ರ ಯಾವಾಗ ಬೇಕಾದರೂ. ಹಿಂದುಸ್ತಾನಿ ಗೊತ್ತಿಲ್ಲ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ಮಾತು ಕನ್ನಡ, ಹೆದರಿಕೆ ಇಲ್ಲ, ಮುಗಿಯುವಷ್ಟರಲ್ಲಿ ಕಿವಿ ತೆರೆದಿರುತ್ತದೆ.

ಹೆಚ್ಚು ಬದಲಾದವರು ಗಂಗೂಬಾಯಿ. ಈ ಮಾತಿಗೆ ನನಗೇ ನಾಚಿಕೆ. ಅವರ ದನಿ ಗಂಡಸಿನ ಹಾಗಿದೆ ಎಂದು ಎಲ್ಲರೂ ಹೇಳುವಾಗ ನಾನು ವಾದ ಮಾಡುತ್ತಿದ್ದೆ: ಅಷ್ಟೇನೂ ಇಲ್ಲ, ತುಸು ದಪ್ಪ ಅಷ್ಟೆ. ನಾನು ಕೇಳುತ್ತಿದ್ದದ್ದು ಅರ್ಧ ಸ್ವರ ಮೇಲಿನ ಗಂಗೂಬಾಯಿಯನ್ನು! ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಅವರ ದನಿ ಇಳಿಯಿತು. ಅದಕ್ಕೂ ಮುಂಚೆ, 1930ರ ದಶಕದ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ತೆಳುವಾದ, ಎತ್ತರದ ದನಿ. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಒಬ್ಬರೇ ಎಂದು ನಂಬಿಕೆ ಬರುವುದಿಲ್ಲ. ಇಳಿದ ದನಿಯನ್ನು ಅವರು ಮುಚ್ಚಿಕೊಳ್ಳಲಿಲ್ಲ, ಅದರ ಮೇಲೇ ಮನೆ ಕಟ್ಟಿದರು.

ನಮ್ಮಲ್ಲಿರುವುದು ಮಾರ್ವಾ. ಪಂಚಮವೇ ಇಲ್ಲದ ರಾಗ. ಷಡ್ಜ ಇದೆ, ಆದರೆ ಬೇಗ ಕೊಡುವಂತಿಲ್ಲ. ಕೋಮಲ ರಿಷಭದ ಮೇಲೂ ಧೈವತದ ಮೇಲೂ ಸುತ್ತಿಸಿ ಸುತ್ತಿಸಿ ದೀಪ ಹಚ್ಚುವ ಹೊತ್ತಿನ ಆ ಸಂಕಟವನ್ನು ಬೆಳೆಸಬೇಕು. ಸರಿಯಾದ ವೇಗದಲ್ಲಿ ಅವರು ಷಡ್ಜಕ್ಕೆ ಇಳಿದಾಗ ಅಡುಗೆಮನೆಯ ಡಬ್ಬಿಗಳ ಮುಚ್ಚಳ ಸಣ್ಣಗೆ ಗುಂಯ್ ಎನ್ನುತ್ತವೆ. ಉತ್ಪ್ರೇಕ್ಷೆ ಅಲ್ಲ, ಸಕ್ಕರೆಯ ಡಬ್ಬಿ. ಹಿಂದೆ ಅದು ಎಂದೂ ದನಿಗೂಡಿಸಿರಲಿಲ್ಲ. ಜೊತೆಗೆ ಮಗಳು ಕೃಷ್ಣಾ ಹಾನಗಲ್ ಅವರ ತೆಳು ದನಿ. ತಾಯಿ ಕೆಳಗೆ ಬಿಟ್ಟದ್ದನ್ನು ಮಗಳು ಮೇಲೆ ಎತ್ತಿಕೊಳ್ಳುತ್ತಾರೆ. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರು ಸವಾಯಿ ಗಂಧರ್ವರ ಹತ್ತಿರ ಒಂದೊಂದು ಮಾತನ್ನು ತಿದ್ದಿಸಿಕೊಂಡು ಬಂದ ಹೆಣ್ಣುಮಗಳಿಗೆ ಅವಸರ ಅನ್ನುವುದು ಗೊತ್ತೇ ಇಲ್ಲ. ನಮ್ಮವರಿಗೆ ಇದು ಸಹಿಸದು. "ಸ್ವಲ್ಪ ಸಣ್ಣ ಮಾಡ್ತೀಯಾ?" ಎನ್ನುತ್ತಾರೆ. ಮಾಡುವುದಿಲ್ಲ.

ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿ, 'ಪಿಯಾ ಬಿನ ನಾಹಿ ಆವತ ಚೈನ', ಮೂರು ನಿಮಿಷ ಚಿಲ್ಲರೆಯದು. ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಅಷ್ಟೇ ಹಿಡಿಯುತ್ತಿತ್ತು. ಗದಗಿನ ಹುಡುಗ ಭೀಮಸೇನ ಇದನ್ನು ಕೇಳಿಯೇ ಮನೆ ಬಿಟ್ಟು ಓಡಿದ್ದು, ಆಗ ಅವನಿಗೆ ಹನ್ನೊಂದು ವರ್ಷ. ಈ ಕಥೆ ಗೊತ್ತಿದ್ದು ಕೇಳಿದರೆ ಮೊದಲ ಸಲ ನಿರಾಸೆಯಾಗುತ್ತದೆ: ಇಷ್ಟು ಸಣ್ಣಗೆ, ಮೂಗಿನಲ್ಲಿ ಹಾಡಿದ್ದಕ್ಕೆ ಮನೆ ಬಿಟ್ಟನೇ? ಹತ್ತು ಸಲ ಕೇಳಿ. ಆ ಗೀರುಸದ್ದಿನ ಹಿಂದೆ ಒಂದು ಸ್ವರದಿಂದ ಇನ್ನೊಂದಕ್ಕೆ ದಾರ ಹರಿಯದಂತೆ ಎಳೆಯುತ್ತ ಹೋಗುವುದಿದೆ. ಖಾನರ ಕಿರಾಣಾ ಘರಾಣೆಯ ಗಾಯಕರೆಲ್ಲ ಮುಂದೆ ಗಂಟೆಗಟ್ಟಲೆ ಮಾಡಿದ್ದರ ಬೀಜ ಅಲ್ಲಿದೆ. ಆದರೆ ವೇಗದ ಗೋಳು ಇಲ್ಲೂ ಬಿಡಲಿಲ್ಲ. 78 ಸುತ್ತಿನ ತಟ್ಟೆ ಎಂದು ಹೆಸರು, ಎಲ್ಲವೂ ನಿಖರವಾಗಿ 78ಕ್ಕೇ ಮುದ್ರಣವಾದವಲ್ಲ. ಅದನ್ನು ಡಿಜಿಟಲ್‌ಗೆ ಇಳಿಸಿದವರು ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಇಳಿಸಿದ್ದಾರೆ. ನನ್ನ ಹತ್ತಿರ ಎರಡು ಪ್ರತಿ ಇವೆ, ಎರಡಕ್ಕೂ ಪೇಟಿಯಲ್ಲಿ ಬೇರೆ ಬೇರೆ ಮನೆ. ಖಾನಸಾಹೇಬರು 1937ರಲ್ಲೇ ಹೋದರು, ಯಾರನ್ನು ಕೇಳುವುದು? ಕೆಳಗಿನದನ್ನೇ ಕೇಳುತ್ತೇನೆ, ಅದರಲ್ಲಿ ಹಾರ್ಮೋನಿಯಂ ಹಾರ್ಮೋನಿಯಂನಂತೆ ಕೇಳಿಸುತ್ತದೆ.

ಭೀಮಸೇನರ ಪೂರಿಯಾ ಧನಾಶ್ರೀ ಸಿ.ಡಿ.ಯಲ್ಲಿ ಬಂದದ್ದು, ಆದ್ದರಿಂದ ಟೇಪಿನ ಪಾಪ ಅದಕ್ಕೆ ಅಂಟಿಲ್ಲ. 'ಪಾಯಲಿಯಾ ಝಂಕಾರ' ಶುರುವಾದರೆ ಹೊರಗೆ ಸ್ಕೂಟರ್ ನಿಲ್ಲಿಸುತ್ತಿದ್ದ ಪಕ್ಕದ ಮನೆಯವರೂ ಒಂದು ನಿಮಿಷ ಒಳಗೆ ಹೋಗುವುದಿಲ್ಲ. ಆದರೂ ಕೊನೆಯ ತಾನುಗಳ, ಆ ವೇಗದ ಸ್ವರಸರಣಿಗಳ, ಹೊತ್ತಿಗೆ ನನಗೆ ಸುಸ್ತಾಗುತ್ತದೆ, ಅವರಿಗೆ ಆಗುವುದಿಲ್ಲ. ನಾಲ್ಕು ನಕ್ಷತ್ರ ಕೊಡುತ್ತೇನೆ, ಬೈಯುವವರು ಬೈಯಲಿ. ಶುಕ್ರವಾರದ 'ಭಾಗ್ಯದ ಲಕ್ಷ್ಮೀ ಬಾರಮ್ಮ'ಕ್ಕೆ ನಕ್ಷತ್ರ ಕೊಡಲು ನಾನ್ಯಾರು.

ಕುಮಾರ ಗಂಧರ್ವರ ನಿರ್ಗುಣಿ ಭಜನೆಗಳ ಬಗ್ಗೆ ಒಂದೇ ಮಾತು. ಕ್ಷಯದಿಂದ ಶ್ವಾಸಕೋಶ ಹಾಳಾಗಿ ಐದಾರು ವರ್ಷ ಹಾಡದೆ ಮಲಗಿದ್ದವರು ಅವರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಮನುಷ್ಯ ಮಾಳವದ ದೇವಾಸದಲ್ಲಿ ಕೂತು ಕಬೀರನನ್ನು ತುಂಡು ತುಂಡು ಉಸಿರಿನಲ್ಲಿ ಹಾಡಿದರು. ಸ್ವರ ಎಸೆದು ಸುಮ್ಮನಾಗುವ ಆ ಜಾಗಗಳೇ ನನಗೆ ಬೇಕಾದವು. ರೊಟ್ಟಿ ಮಾಡುವಾಗ ಮಾತ್ರ ಕೇಳಬೇಡಿ, ಸೀಯುತ್ತದೆ.

ಮೊಬೈಲಿನ ಹಾಡಿನ ಆ್ಯಪ್ ನಾಲ್ಕು ವರ್ಷ ದುಡ್ಡು ಕೊಟ್ಟು ಬಳಸಿದ್ದೇನೆ, ಅದರ ಮೇಲೆ ಸಿಟ್ಟಿದೆ. ನಿಧಾನದ ವಿಲಂಬಿತ ಒಂದು ಹಾಡು, ಅದರ ಹಿಂದೆ ಬರುವ ಚುರುಕಿನ ದ್ರುತ ಇನ್ನೊಂದು ಹಾಡು ಎಂದು ಕತ್ತರಿಸಿ ಇಟ್ಟಿದ್ದಾರೆ. ಕಲಸಿ ನುಡಿಸುವ ಗುಂಡಿ ತಾನಾಗಿಯೇ ಒತ್ತಿಕೊಂಡಿದ್ದರೆ ಮೊದಲು ದ್ರುತ ಬರುತ್ತದೆ, ನಡುವೆ ಯಾವುದೋ ಸಿನಿಮಾ ಹಾಡು, ಆಮೇಲೆ ವಿಲಂಬಿತ. ಊಟದಲ್ಲಿ ಮಜ್ಜಿಗೆ ಅನ್ನ ಮೊದಲು ಬಡಿಸಿದ ಹಾಗೆ. ಹುಡುಕಿದರೆ ರಾಗದ ಹೆಸರು ತಪ್ಪು, ತಬಲಾ ಯಾರದು ಎಂದು ಬರೆದಿರುವುದೇ ಇಲ್ಲ. ಪರಿಚಯದವರೊಬ್ಬರು ಪೆನ್‌ಡ್ರೈವ್ ತುಂಬಿಸಿ ಕೊಟ್ಟರು. ಅದರಲ್ಲಿ ಸಾವಿರ ಫೈಲು ಹಿಡಿಸಲು ಹಿಂಡಿ ಹಿಂಡಿ ತಂಬೂರಿ ನೀರೊಳಗೆ ಮುಳುಗಿದಂತಾಗಿದೆ. ತಂಬೂರಿ ಹೋದಮೇಲೆ ಉಳಿದದ್ದಕ್ಕೆ ನಿಲ್ಲಲು ನೆಲವೇ ಇಲ್ಲ. ಕೊಳ್ಳುವವರಿಗೆ ಒಂದು ಸಲಹೆ: ಸಾವಿರ ಬೇಡ, ಹತ್ತು ತೊಗೊಳ್ಳಿ, ಒಳ್ಳೆಯ ಗುಣಮಟ್ಟದ್ದು ತೊಗೊಳ್ಳಿ.

ಇನ್ನು ರಿಪೇರಿಯ ಉಳಿದ ಕಥೆ. ಅಂಗಡಿಯ ಕ್ಯಾಸೆಟ್ಟುಗಳ ಜೊತೆಗೆ ಅಪ್ಪ ಧಾರವಾಡ ಆಕಾಶವಾಣಿಯಿಂದ ತುಂಬಿಸಿಕೊಂಡ ಹನ್ನೆರಡು ಕ್ಯಾಸೆಟ್ ಇವೆ. ಬಸವರಾಜ ರಾಜಗುರುಗಳ ನಾಟ್ಯಗೀತೆ, ವಚನ, ಮನ್ಸೂರರ ಒಂದಿಷ್ಟು ರಾಗಗಳು. ರೇಡಿಯೋದ ಮುಂದೆ ಈ ಟೇಪು ಇಟ್ಟು ಎಲ್ಲರನ್ನೂ ಸುಮ್ಮನಿರಿಸಿ ಗುಂಡಿ ಒತ್ತುತ್ತಿದ್ದರು. ಸುಮ್ಮನಿರುವವರು ಯಾರು? ರಾಜಗುರುಗಳ ಹಾಡಿನ ನಡುವೆ ಅವ್ವ "ಹಾಲು ಉಕ್ಕತೈತಿ, ನೋಡ ಒಂದೀಟು" ಎಂದು ನನ್ನನ್ನು ಕೂಗುತ್ತಾಳೆ. ಅಪ್ಪ "ಶ್ಶ್" ಎನ್ನುತ್ತಾರೆ.

ರಿಪೇರಿಯಾದ ಮರುದಿನ ಅದನ್ನು ಹಚ್ಚಿದೆ. ಯಾರೋ ದಪ್ಪ ದನಿಯ ಹೆಂಗಸು ನಿಧಾನವಾಗಿ ಹಾಲಿನ ಸುದ್ದಿ ಹೇಳಿದಳು. ಒಂದು ಗಳಿಗೆ ಗುರುತೇ ಹತ್ತಲಿಲ್ಲ. ಜೋರಾಗಿ ಓಡುವ ಯಂತ್ರದಲ್ಲಿ ತುಂಬಿದ್ದನ್ನು ಜೋರಾಗಿ ಓಡುವ ಅದೇ ಯಂತ್ರದಲ್ಲಿ ಕೇಳಿದರೆ ಎಲ್ಲ ಸರಿಯಾಗಿರುತ್ತದೆ. ಯಂತ್ರವನ್ನು ಸರಿಮಾಡಿದ್ದಕ್ಕೆ ಅವ್ವ ತಪ್ಪಾಗಿದ್ದಳು.

ಮತ್ತೆ ಒಯ್ದೆ. ರಿಪೇರಿಯವರು ನಗಲಿಲ್ಲ. ತಿರುಪನ್ನು ಹಿಂದಿನ ಜಾಗಕ್ಕೆ ತಂದು, ಮಗಳ ಚೀಲದಲ್ಲಿದ್ದ ಕೆಂಪು ಉಗುರುಬಣ್ಣದಿಂದ ಅಲ್ಲೊಂದು ಚುಕ್ಕೆ ಇಟ್ಟರು. ಸರಿಯಾದ ವೇಗಕ್ಕೆ ಇನ್ನೊಂದು ಚುಕ್ಕೆ. ಹಿಂದಿನ ಮುಚ್ಚಳಕ್ಕೆ ಬೆಸುಗೆ ಕಡ್ಡಿಯಿಂದ ತೂತು ಮಾಡಿದರು, ಪ್ರತಿ ಸಲ ಬಿಚ್ಚುವುದು ಬೇಡವೆಂದು. "ಒಂದು ಚುಕ್ಕಿ ಅಂಗಡೀದಕ್ಕ, ಒಂದು ಮನೀದಕ್ಕರಿ," ಎಂದು 50 ರೂಪಾಯಿ ತೊಗೊಂಡರು.

ಸ್ಕ್ರೂಡ್ರೈವರ್ ಈಗ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿರುತ್ತದೆ.