ಟರ್ಬೊಗೆ ಪೆಟ್ರೋಲ್ ಸಾಲದಾಗ: ರೆಗ್ಯುಲೇಟರೋ, ಐದನೇ ಇಂಜೆಕ್ಟರೋ, ದೊಡ್ಡ ಇಂಜೆಕ್ಟರೋ?

ಟರ್ಬೊ ಕೂರಿಸಿದ ಕಾರಿಗೆ ಹೆಚ್ಚು ಪೆಟ್ರೋಲ್ ಕೊಡುವ ಈ ಮೂರು ದಾರಿಗಳನ್ನೂ ಹಾಕಿ ಓಡಿಸಿ ನೋಡಿದ ಮೇಲಿನ ಹೋಲಿಕೆ ಇದು. ಕಾರು 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರ್, ಮೂಲದಲ್ಲಿ ಸುಮಾರು 115 ಎಚ್‌ಪಿ. ಗುರಿ 0.5 ಬಾರ್ ಬೂಸ್ಟ್‌ನಲ್ಲಿ (ಟರ್ಬೊ ಗಾಳಿಗೆ ಕೊಡುವ ಹೆಚ್ಚುವರಿ ಒತ್ತಡ) 170.

ಲೆಕ್ಕ ಹೀಗೆ: ಟರ್ಬೊ ಎಂಜಿನ್ನಿಗೆ ಒಂದು ಎಚ್‌ಪಿಗೆ ನಿಮಿಷಕ್ಕೆ 6.3 ಸಿಸಿ ಪೆಟ್ರೋಲ್ ಹಿಡಿಯಿರಿ. 170ಕ್ಕೆ 1,071 ಸಿಸಿ ಬೇಕು. ಇರುವ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ವಾಲ್ವ್) 3 ಬಾರ್‌ನಲ್ಲಿ 230 ಸಿಸಿ ಎಂದಿಟ್ಟುಕೊಂಡರೆ, ನಾಲ್ಕೂ ಸೇರಿ 80 ಶೇಕಡಾ ಡ್ಯೂಟಿಯಲ್ಲಿ, ಅಂದರೆ 80 ಶೇಕಡಾ ಹೊತ್ತು ತೆರೆದಿದ್ದಾಗ, ಕೊಡೋದು 736. ಉಳಿದ 335 ಸಿಸಿ ಎಲ್ಲಿಂದ ತರೋದು ಅನ್ನೋದೇ ಪ್ರಶ್ನೆ.

ಬೂಸ್ಟ್ ಏರಿದಂತೆ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪು) ಒತ್ತಡವನ್ನೂ ಏರಿಸುವ ರೆಗ್ಯುಲೇಟರ್ ಎಲ್ಲಕ್ಕಿಂತ ಅಗ್ಗ. ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿಗೆ ಕೂರಿಸಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದ ಒಂದು ಹೋಸ್ ಎಳೆದರೆ ಕೆಲಸ ಮುಗೀತು. ಆದರೆ ಪೆಟ್ರೋಲ್ ಹೆಚ್ಚೋದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. ಒತ್ತಡ ಎರಡರಷ್ಟಾದರೆ ಹರಿವು 1.41 ಪಟ್ಟು, ಅಷ್ಟೇ. ನಮ್ಮ ಗುರಿಗೆ ರೈಲಿನಲ್ಲಿ 7 ಬಾರ್ ಹತ್ತಿರ ಬೇಕಾಗುತ್ತೆ. ಅಲ್ಲಿ ಹಳೇ ಪಂಪು ಏದುಸಿರು ಬಿಡುತ್ತೆ, ಕೆಲವು ಇಂಜೆಕ್ಟರ್ ಸರಿಯಾಗಿ ತೆರೆಯೋದೂ ಇಲ್ಲ. 150 ಎಚ್‌ಪಿವರೆಗೆ ಸಾಕು ಅನ್ನುವವರಿಗೆ ಇದು ಸರಿ, ಮುಂದಕ್ಕೆ ಬೇಡ.

ಐದನೇ ಇಂಜೆಕ್ಟರ್ ಕಾಗದದ ಮೇಲೆ ಚೆಂದ: 420 ಸಿಸಿಯದ್ದೊಂದು ಸಾಕು. ಕೊಳ್ಳುವ ಮುಂಚೆ ಮಲ್ಟಿಮೀಟರಿನಲ್ಲಿ ನೋಡಿ. 12ರಿಂದ 16 ಓಮ್ ಇದ್ದರೆ ನೇರ ಜೋಡಿಸಬಹುದು. 2–3 ಓಮ್ ಇದ್ದರೆ ಸೀರೀಸ್ ರೆಸಿಸ್ಟರ್ ಇಲ್ಲದೆ ಕಂಟ್ರೋಲರಿನ ಡ್ರೈವರ್ ಸರ್ಕ್ಯೂಟ್ ಸುಟ್ಟೀತು. ಜಾಗ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ರೇಡಿಯೇಟರ್) ದಾಟಿದ ಮೇಲೆ, ಥ್ರಾಟಲ್ ಬಾಡಿಗೆ (ಗಾಳಿ ಹಿಡಿತದಲ್ಲಿಡುವ ಕವಾಟ) ಮುಂಚೆ. ಇಂಟರ್‌ಕೂಲರಿಗೆ ಮುಂಚೆ ಹಾಕಿದರೆ ಅದರೊಳಗೆ ಪೆಟ್ರೋಲ್ ನಿಂತು, ಒಂದು ಬ್ಯಾಕ್‌ಫೈರ್ ಆದರೆ ಸಾಕು, ಪೈಪೇ ಹಾರಿಹೋಗುತ್ತೆ.

ತೊಂದರೆ ಹಂಚಿಕೆಯದ್ದು. ಗಾಳಿ ತಿರುವಿನಲ್ಲಿ ಸಲೀಸಾಗಿ ತಿರುಗುತ್ತೆ, ಪೆಟ್ರೋಲ್ ಹನಿ ಭಾರ, ನೇರ ನುಗ್ಗುತ್ತೆ. ಹಾಗಾಗಿ ಮ್ಯಾನಿಫೋಲ್ಡಿನ ಕೊನೆಯ ಸಿಲಿಂಡರಿಗೆ ಹೆಚ್ಚು, ಥ್ರಾಟಲ್ ಪಕ್ಕದ್ದಕ್ಕೆ ಕಮ್ಮಿ. ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಸೈಲೆನ್ಸರ್ ಪೈಪಿನ ವೈಡ್‌ಬ್ಯಾಂಡ್ ಸೆನ್ಸರ್ ನಾಲ್ಕರ ಸರಾಸರಿಯನ್ನಷ್ಟೇ ತೋರಿಸೋದರಿಂದ ಮೀಟರಿನಲ್ಲಿ 11.8 ಕಂಡರೂ ಒಂದು ಸಿಲಿಂಡರ್ ಒಳಗೊಳಗೇ ಲೀನ್ (ಪೆಟ್ರೋಲ್ ಕಮ್ಮಿ) ಆಗಿರಬಹುದು. ಪೂರ್ತಿ ಬೂಸ್ಟ್‌ನಲ್ಲಿ ಎಳೆದು, ತಕ್ಷಣ ಕ್ಲಚ್ ಒತ್ತಿ ಎಂಜಿನ್ ಆರಿಸಿ, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ: ಒಂದು ತುದಿ ಮಸಿ, ಇನ್ನೊಂದು ಸುಣ್ಣದಂತೆ ಬಿಳಿ ಇದ್ದರೆ ಉತ್ತರ ಸಿಕ್ಕಿತು. ಇದಕ್ಕೆ ಮದ್ದು ನಾಲ್ಕು ರನ್ನರಿಗೂ (ಸಿಲಿಂಡರಿಗೊಂದರಂತೆ ಇರುವ ಗಾಳಿ ಕೊಳವೆ) ಒಂದೊಂದು ಚಿಕ್ಕ ಇಂಜೆಕ್ಟರ್. ಅಲ್ಯೂಮಿನಿಯಂ ವೆಲ್ಡಿಂಗ್, ಎರಡನೇ ರೈಲ್ ಎಲ್ಲಾ ಸೇರಿ ಖರ್ಚು ದೊಡ್ಡ ಇಂಜೆಕ್ಟರಿನ ದಾರಿಯನ್ನೇ ಮುಟ್ಟುತ್ತೆ.

ಇನ್ನು ಪ್ರೆಷರ್ ಸ್ವಿಚ್. 0.3 ಬಾರ್‌ಗೆ ಐದನೆಯದನ್ನು ಒಂದೇ ಸಲ ತೆರೆದುಬಿಡುವ ಜುಗಾಡ್ ದಯವಿಟ್ಟು ಬೇಡ. ತೆರೆದಿಟ್ಟ ಇಂಜೆಕ್ಟರ್ ಸುರಿಯೋದು ನಿಮಿಷದ ಲೆಕ್ಕ, ಎಂಜಿನ್ ಕುಡಿಯೋದು ಸುತ್ತಿನ ಲೆಕ್ಕ. 3,000 ಆರ್‌ಪಿಎಮ್‌ನಲ್ಲಿ ಕರಿ ಹೊಗೆ, 6,500ರಲ್ಲಿ ಬರಗಾಲ. ಬೂಸ್ಟ್ ಮತ್ತು ಆರ್‌ಪಿಎಮ್ ಎರಡನ್ನೂ ಓದುವ ಕಂಟ್ರೋಲರ್ ಬೇಕೇ ಬೇಕು. ಪೆಟ್ರೋಲ್ ಪೈಪಿನುದ್ದ ಬರೋದು ತಡವಾಗೋದರಿಂದ 0.1–0.15 ಬಾರ್‌ನಲ್ಲೇ ಸ್ವಲ್ಪ ಸ್ವಲ್ಪ ಶುರು ಮಾಡಿಸಿ.

ರೆಗ್ಯುಲೇಟರಾಗಲಿ ಐದನೇ ಇಂಜೆಕ್ಟರಾಗಲಿ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮುಟ್ಟೋದಿಲ್ಲ. 9.4:1 ಕಂಪ್ರೆಷನ್ನಿನ ಎಂಜಿನ್ನಿಗೆ ಅದು ಸಣ್ಣ ಮಾತಲ್ಲ. ಪ್ರತಿ 0.07 ಬಾರ್‌ಗೆ ಸುಮಾರು ಒಂದು ಡಿಗ್ರಿ ಹಿಂದೆ ತರೋದು ರೂಢಿ, ಅದಕ್ಕೊಂದು ಬೇರೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕು.

350 ಸಿಸಿಯ ನಾಲ್ಕು ಇಂಜೆಕ್ಟರ್, ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ ಕಂಪ್ಯೂಟರ್): ನಮ್ಮ ಓಟು ಇದಕ್ಕೇ. ಹಂಚಿಕೆ ಸಮ, ಟೈಮಿಂಗ್ ಕೈಯಲ್ಲೇ. ಕಾಟ ಕೊಡೋದು ಐಡಲ್. ಇಂಜೆಕ್ಟರ್ ತೆರೆಯೋದಕ್ಕೇ ಸುಮಾರು ಒಂದು ಮಿಲಿಸೆಕೆಂಡ್ ಹೋಗುತ್ತೆ, ಬ್ಯಾಟರಿ ವೋಲ್ಟ್ ಇಳಿದರೆ ಇನ್ನೂ ಹೆಚ್ಚು. ವೋಲ್ಟಿಗೆ ತಕ್ಕ ಈ ಸಮಯದ ಟೇಬಲನ್ನು ಇಸಿಯುವಿನಲ್ಲಿ ತುಂಬದೆ ಬಿಟ್ಟರೆ ರಾತ್ರಿ ಹೆಡ್‌ಲೈಟ್ ಹಾಕಿದಾಗ ಐಡಲ್ ಕುಣಿಯುತ್ತೆ. ಹಳೇ ಇಸಿಯುವನ್ನೇ ಇಟ್ಟುಕೊಂಡು ಏರ್‌ಫ್ಲೋ ಮೀಟರಿನ ಸ್ಪ್ರಿಂಗ್ ಬಿಗಿ ಮಾಡುವವರೂ ಇದ್ದಾರೆ. ಆಗ ಇಸಿಯು ಲೋಡ್ ಕಮ್ಮಿ ಎಂದು ನಂಬಿ ಟೈಮಿಂಗ್ ಮುಂದಕ್ಕೆ ತಳ್ಳುತ್ತೆ, ಬೂಸ್ಟ್‌ನಲ್ಲಿ ನಾಕಿಂಗ್ (ಪೆಟ್ರೋಲ್ ಹತೋಟಿ ಮೀರಿ ಸಿಡಿಯೋದು) ಗ್ಯಾರಂಟಿ.

ನಮ್ಮ ಬಂಕುಗಳ ಇ20 (20 ಶೇಕಡಾ ಎಥನಾಲ್ ಬೆರೆತದ್ದು) ಹಾಕುವವರು ಶುದ್ಧ ಪೆಟ್ರೋಲಿನ ಲೆಕ್ಕಕ್ಕೆ ಸುಮಾರು 9 ಶೇಕಡಾ ಸೇರಿಸಿ. ಮೀಟರನ್ನು ಲ್ಯಾಂಬ್ಡಾದಲ್ಲೇ (ಸರಿ ಅನುಪಾತಕ್ಕೆ 1, ಅದಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಹೆಚ್ಚು) ಓದಿ, ಬೂಸ್ಟ್‌ನಲ್ಲಿ 0.8ರ ಆಸುಪಾಸು ಇರಲಿ.

ಆದರೂ ಐದನೇ ಇಂಜೆಕ್ಟರೇ ಬೇಕು ಅನ್ನುವವರು ವೈರಿಂಗಿನಲ್ಲಿ ಒಂದು ಕೆಲಸ ಮಾಡಿ. ಅದು ಕೆಟ್ಟರೆ ಊರೊಳಗೆ ಗೊತ್ತೇ ಆಗಲ್ಲ, ಐಡಲ್ ಸರಿ, ಓಟ ಸರಿ; ಗೊತ್ತಾಗೋದು ಪೂರ್ತಿ ಬೂಸ್ಟ್‌ನಲ್ಲಿ, ಪಿಸ್ಟನ್ ಕರಗುವಾಗ. ಅದರ ಕಂಟ್ರೋಲರಿಗೂ ಮೂಲ ನಾಲ್ಕು ಇಂಜೆಕ್ಟರಿಗೂ ಒಂದೇ ಫ್ಯೂಸಿನಿಂದ ಕರೆಂಟ್ ಕೊಡಿ. ಫ್ಯೂಸ್ ಹೋದರೆ ಐದೂ ಒಟ್ಟಿಗೆ ನಿಲ್ಲುತ್ತವೆ, ಗಾಡಿ ರಸ್ತೆ ಪಕ್ಕ ನಿಲ್ಲುತ್ತೆ, ಎಂಜಿನ್ ಉಳಿಯುತ್ತೆ.