ಡಿಎಂಐಟಿ ಬೆರಳಚ್ಚು ಪರೀಕ್ಷೆ: ಆ ಬಣ್ಣದ ವರದಿಯೊಳಗೆ ಏನಿದೆ?

ಡಿಎಂಐಟಿ (ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್) ಎಂದರೆ ಬೆರಳಚ್ಚು ನೋಡಿ ಮಗುವಿನ ಬುದ್ಧಿಶಕ್ತಿ ಹೇಳುತ್ತೇವೆ ಎನ್ನುವ ಪರೀಕ್ಷೆ. ಮಗುವಿನ ಹತ್ತೂ ಬೆರಳನ್ನು ಸ್ಕ್ಯಾನರ್ ಮೇಲೆ ಒತ್ತಿಸುತ್ತಾರೆ. ಕೆಲವು ಕಡೆ ಅಂಗೈಯ ಅಚ್ಚನ್ನೂ ತೆಗೆದುಕೊಳ್ಳುತ್ತಾರೆ. ಕೆಲವು ಸಾವಿರ ರೂಪಾಯಿ ಕೊಟ್ಟರೆ ಬಣ್ಣಬಣ್ಣದ ದಪ್ಪ ವರದಿ ಕೈಗೆ ಬರುತ್ತದೆ. ಮಗು ನೋಡಿ ಕಲಿಯುತ್ತದೋ ಕೇಳಿ ಕಲಿಯುತ್ತದೋ, ಎಡ ಮೆದುಳು ಜೋರೋ ಬಲ ಮೆದುಳು ಜೋರೋ, ಯಾವ ಬುದ್ಧಿಶಕ್ತಿ ಎಷ್ಟು ಪರ್ಸೆಂಟ್, ಎಲ್ಲವೂ ಅದರಲ್ಲಿರುತ್ತದೆ. ನಮ್ಮ ಸಲಹೆ ಮೊದಲೇ ಹೇಳಿಬಿಡುತ್ತೇವೆ: ಮಾಡಿಸಬೇಡಿ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ.

ಆ ಪರ್ಸೆಂಟ್ ಎಲ್ಲಿಂದ ಬರುತ್ತದೆ ನೋಡಿ. ನಮ್ಮಲ್ಲಿ ಶಂಖ, ಚಕ್ರ ಎನ್ನುವ ವಿನ್ಯಾಸಗಳಲ್ಲಿ ಗೆರೆಗಳು ಮೂರು ದಿಕ್ಕಿಗೆ ಕವಲೊಡೆಯುವ ಒಂದು ಬಿಂದು ಇರುತ್ತದೆ. ಅಲ್ಲಿಂದ ವಿನ್ಯಾಸದ ನಡುವಿನವರೆಗೆ ಗೆರೆ ಎಳೆದು, ಅದು ದಾಟುವ ಏಣುಗಳನ್ನು (ಚರ್ಮದ ಉಬ್ಬುಗೆರೆಗಳನ್ನು) ಎಣಿಸುತ್ತಾರೆ. ಚಕ್ರದಲ್ಲಿ ಇಂಥ ಬಿಂದು ಎರಡಿರುವುದರಿಂದ ದೊಡ್ಡ ಎಣಿಕೆಯನ್ನು ಹಿಡಿಯುತ್ತಾರೆ. ಸರಳ ಕಮಾನು ಎಂಬ ವಿನ್ಯಾಸದಲ್ಲಿ ಬಿಂದುವೇ ಇಲ್ಲ, ಹಾಗಾಗಿ ಎಣಿಕೆ ಸೊನ್ನೆ. ಇಲ್ಲಿಯವರೆಗಿನದು ನಿಜವಾದ ಶಾಸ್ತ್ರವೇ. ಅಂಗರಚನಾಶಾಸ್ತ್ರಜ್ಞ ಹೆರಾಲ್ಡ್ ಕಮಿನ್ಸ್ 1926ರಲ್ಲಿ ಇದಕ್ಕೆ ಡರ್ಮಟೋಗ್ಲಿಫಿಕ್ಸ್ ಎಂದು ಹೆಸರಿಟ್ಟರು. ಎಡವಟ್ಟು ಆಗುವುದು ಮುಂದಿನ ಹೆಜ್ಜೆಯಲ್ಲಿ: ಹೆಬ್ಬೆರಳು ಮೆದುಳಿನ ಮುಂಭಾಗಕ್ಕೆ, ಕಿರುಬೆರಳು ಹಿಂಭಾಗಕ್ಕೆ ಎಂದು ಒಂದೊಂದು ಬೆರಳನ್ನು ಮೆದುಳಿನ ಒಂದೊಂದು ಹಾಲೆಗೆ ಹಂಚಿ, ಏಣಿನ ಎಣಿಕೆಯನ್ನೇ ಬುದ್ಧಿಯ ಅಳತೆ ಎನ್ನುತ್ತಾರೆ. ಅಂಥ ಹಂಚಿಕೆ ಮೆದುಳಿನಲ್ಲಿ ಇಲ್ಲ. ಐದೂ ಬೆರಳಿನ ಸ್ಪರ್ಶವನ್ನು ಗ್ರಹಿಸುವ ಜಾಗಗಳು ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇವೆ. ಮೇಲಾಗಿ, ಹತ್ತು ಬೆರಳಿನ ಮೊತ್ತವನ್ನು ನೂರಕ್ಕೆ ಹಂಚಿದರೆ ಒಂದು ಏರಿದಾಗ ಇನ್ನೊಂದು ಇಳಿಯಲೇಬೇಕು. ‘ಸಂಗೀತ ಹೆಚ್ಚು, ಗಣಿತ ಕಡಿಮೆ’ ಎಂದು ಕಾಣುವುದು ಭಾಗಾಕಾರದ ಫಲ, ಮಗುವಿನ ಗುಣವಲ್ಲ.

ಅಂಗೈಯ ‘ಎಟಿಡಿ ಕೋನ’ ಇನ್ನೂ ಸಡಿಲ. ತೋರುಬೆರಳಿನ ಬುಡ, ಮಣಿಕಟ್ಟಿನ ಹತ್ತಿರ, ಕಿರುಬೆರಳಿನ ಬುಡ, ಈ ಮೂರು ಬಿಂದುಗಳ ನಡುವಿನ ಕೋನ ಅದು. ಕಲಿಕೆಯ ವೇಗ ಅದರಿಂದ ತಿಳಿಯುತ್ತದೆ ಎನ್ನುತ್ತಾರೆ. ಒತ್ತುವಾಗ ಬೆರಳು ಅಗಲಿಸಿದರೆ ಕೋನ ಬದಲಾಗುತ್ತದೆ, ಅಂಗೈ ಬೆಳೆದಂತೆಯೂ ಬದಲಾಗುತ್ತದೆ.

‘ಚರ್ಮ, ಮೆದುಳು ಎರಡೂ ಭ್ರೂಣದ ಒಂದೇ ಪದರದಿಂದ ಬೆಳೆಯುತ್ತವಲ್ಲ?’ ಎಂದು ಮಾರುವವರು ಕೇಳುತ್ತಾರೆ. ಹೌದು, ಕೂದಲು, ಉಗುರು, ಹಲ್ಲಿನ ಎನಾಮಲ್ ಕೂಡ ಅದೇ ಪದರದಿಂದಲೇ ಬೆಳೆಯುತ್ತವೆ. ಮಗು ಹುಟ್ಟುವ ಮೊದಲೇ ಬೆರಳಚ್ಚು ಸ್ಥಿರವಾಗುತ್ತದೆ, ಮೆದುಳು ಕಲಿತಂತೆಲ್ಲ ಬದಲಾಗುತ್ತಲೇ ಇರುತ್ತದೆ.

ವರದಿಯ ಉಳಿದ ಪುಟಗಳು ನಿಂತಿರುವುದು ಹಳೆಯ ತಪ್ಪು ನಂಬಿಕೆಗಳ ಮೇಲೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಪಾಠ ಮಾಡಿದರೆ ಲಾಭವಿದೆಯೇ ಎಂದು ಮನೋವಿಜ್ಞಾನಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ನಂಬಬಹುದಾದ ಪುರಾವೆ ಸಿಗಲಿಲ್ಲ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ ‘ಎಡ ಮೆದುಳಿನವರು’, ‘ಬಲ ಮೆದುಳಿನವರು’ ಎಂಬ ವರ್ಗಗಳು ಕಾಣಲಿಲ್ಲ.

ಹಾಗಿದ್ದರೂ ವರದಿ ಓದಿದ ತಾಯ್ತಂದೆ ‘ಅಯ್ಯೋ, ನಮ್ಮ ಮಗು ಹೀಗೇ!’ ಎನ್ನುವುದು ಸಹಜ. 1948ರಲ್ಲಿ ಮನೋವಿಜ್ಞಾನಿ ಬರ್ಟ್ರಂ ಫೋರರ್ 39 ವಿದ್ಯಾರ್ಥಿಗಳಿಗೆ ಒಂದೇ ಬರಹ ಕೊಟ್ಟು ‘ಇದು ನಿಮ್ಮೊಬ್ಬರದೇ ವ್ಯಕ್ತಿತ್ವ’ ಎಂದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಅವರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಈಗಾಗಲೇ ಮಾಡಿಸಿದ್ದರೆ ನೀವೂ ಪರೀಕ್ಷಿಸಿ: ನಾಲ್ಕು ಮಕ್ಕಳ ವರದಿಯ ಹೆಸರು ಮುಚ್ಚಿ ಕಲಸಿ, ನಿಮ್ಮ ಮಗುವಿನದು ಯಾವುದೆಂದು ಗುರುತಿಸಲು ಯತ್ನಿಸಿ.

ನಮಗೆ ಹೆಚ್ಚು ನೋವಾಗುವುದು ಒಂದು ಸಾಲಿಗೆ: ‘ಗಣಿತ ಸಾಮರ್ಥ್ಯ ಕಡಿಮೆ, ಜನ್ಮಜಾತ.’ ಎಂಟು ವರ್ಷದ ಮಗುವಿಗೆ ಇದನ್ನು ಓದಿ ಹೇಳಿದರೆ ಅದು ಭಿನ್ನರಾಶಿಯನ್ನು ಮುಟ್ಟುವ ಮೊದಲೇ ಕೈಬಿಡುತ್ತದೆ. ಇನ್ನೊಂದು, ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳಚ್ಚನ್ನು ಬದಲಿಸಲಾಗದು. ಮಾಡಿಸಿಯಾಗಿದ್ದರೆ ಅಚ್ಚುಗಳನ್ನು ಅಳಿಸಿಹಾಕಲು ಲಿಖಿತವಾಗಿ ಕೇಳಿ.

ಆ ದುಡ್ಡಿಲ್ಲದೆ ಆಗುವ ಕೆಲಸವಿದೆ. ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಖಾಲಿ ಹಾಳೆಯ ಮೇಲೆ ನೆನಪಿರುವಷ್ಟು ಬರೆಸಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಲಿ. ಮಾರನೇ ದಿನ, ನಾಲ್ಕನೇ ದಿನ, ವಾರ ಕಳೆದು ಮತ್ತೆ ಹೊಸ ಹಾಳೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮರುಓದಿನವರೇ ಮುಂದಿದ್ದರು. ವಾರದ ನಂತರ ನೆನಪಿನಿಂದ ಬರೆದವರಿಗೆ ಶೇ. 56, ಮರುಓದಿನವರಿಗೆ ಶೇ. 42 ಉಳಿದಿತ್ತು. ಮೊದಲ ಹಾಳೆ ಅರ್ಧ ಖಾಲಿಯಾಗಿಯೇ ಇರುತ್ತದೆ, ಅದಕ್ಕೆ ಬೈಯಬೇಡಿ.