ಯುಕೆ ಪ್ಲಗ್ ಅಂತ ಕೊಟ್ಟರೆ ಮೊದಲು ಫ್ಯೂಸ್ ಕಿತ್ತು ನೋಡಿ

ತುಮಕೂರು, ತಿಪಟೂರು, ಗುಬ್ಬಿ ಕಡೆ ಸಣ್ಣಪುಟ್ಟ ಕರೆಂಟ್ ಸಾಮಾನು ಮಾಡಿ ಹೊರದೇಶಕ್ಕೆ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆಯ ಒಬ್ಬ ಸಪ್ಲೈಯರ್ ಯುಕೆ ಪ್ಲಗ್ ಅಂತ ನಮಗೆ ಕೊಟ್ಟಿದ್ದು ಪ್ಲಗ್ಗೇ ಅಲ್ಲ. ನೋಡೋಕೆ ಮಾತ್ರ ಪ್ಲಗ್. ವಕೀಲರು ಬೇಡ ಅಂದಿದ್ದಕ್ಕೆ ಹೆಸರು ಹಾಕುತ್ತಿಲ್ಲ. ಇಲ್ಲದಿದ್ದರೆ ಅಂಗಡಿ ಬೋರ್ಡಿನ ಫೋಟೋ ಸಮೇತ ಹಾಕುತ್ತಿದ್ದೆ.

ನಮ್ಮದು ಅಂತರಸನಹಳ್ಳಿಯಲ್ಲಿ ಚಿಕ್ಕ ಶೆಡ್ಡು. ಕಾಯಿ ತುರಿಯುವ ಮೋಟರ್ ಮಷೀನ್ ಮಾಡುತ್ತೇವೆ. ಸ್ಟೀಲ್ ಬಾಡಿ, 150 ವ್ಯಾಟ್ ಮೋಟರ್. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಂಗಡಿ ಇಟ್ಟಿರುವ ಹಾಸನದ ಕಡೆಯವರೊಬ್ಬರು ಆರ್ಡರ್ ಕೊಟ್ಟರು. ವೋಲ್ಟೇಜ್ ತಲೆನೋವು ಇರಲಿಲ್ಲ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಬದಲಾಗಬೇಕಿದ್ದದ್ದು ವಯರಿನ ತುದಿ ಮಾತ್ರ. ನಮ್ಮ ಗುಂಡು ಪಿನ್ನಿನ ಪ್ಲಗ್ ಅಲ್ಲಿ ನಡೆಯಲ್ಲ. 1994ರ ಅವರ ನಿಯಮದ ಪ್ರಕಾರ ಮನೆಬಳಕೆಯ ಮಷೀನಿಗೆ ಬಿಎಸ್ 1363 (ಬ್ರಿಟನ್ನಿನ ಮೂರು ಪಿನ್ನಿನ ಪ್ಲಗ್ಗಿನ ಮಾನದಂಡ) ಪ್ಲಗ್ ಹಾಕಿಯೇ ಮಾರಬೇಕು. ಡಬ್ಬದೊಳಗೆ ಒಂದು ಟ್ರಾವೆಲ್ ಅಡಾಪ್ಟರ್ ಎಸೆದು ಕಳಿಸಿದರೆ ಆಗಲ್ಲ.

ಈ ಸಪ್ಲೈಯರ್ ಮೊದಲು ಸ್ಯಾಂಪಲ್ ಕೊಟ್ಟ. ಚಿನ್ನದಂಥ ಸ್ಯಾಂಪಲ್. ಹಿತ್ತಾಳೆ ಪಿನ್, ಒಳಗೆ 3 ಆಂಪ್ ಫ್ಯೂಸ್, ಮೇಲೆ ಅಲ್ಲಿಯ ಸಂಸ್ಥೆಯ ಗುರುತು, ಎಲ್ಲ ಸರಿ. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಸರ್ಟಿಫಿಕೇಟ್. ಅದನ್ನೇ ನೋಡಿ ಪೂರ್ತಿ ದುಡ್ಡು ಹಾಕಿದೆವು, ಲಾಟ್ ಬಂತು. ಬಣ್ಣ ಅದೇ, ಆಕಾರ ಅದೇ, ಫ್ಯೂಸಿನ ಮುಚ್ಚಳವೂ ಅದೇ. ಮಷೀನುಗಳು ಲೆಸ್ಟರ್ ಸೇರಿದವು.

ಆಮೇಲೆ ಬಂತು ನೋಡಿ ವಿಡಿಯೋ. ಅಂಗಡಿಯವರು ಚಿಕ್ಕ ಸ್ಕ್ರೂಡ್ರೈವರ್ ಹಿಡಿದು ಫ್ಯೂಸಿನ ಮುಚ್ಚಳ ಎಬ್ಬಿಸುತ್ತಾರೆ. ಒಳಗೆ ಫ್ಯೂಸ್ ಇಲ್ಲ. ಆ ಜಾಗದಲ್ಲಿ ಒಂದು ತಗಡಿನ ತುಂಡು ತುರುಕಿದ್ದಾರೆ. ತಗಡು! ಅವರು ಬೈಯಲೂ ಇಲ್ಲ. "ಇದನ್ನ ನಾನು ಹೆಂಗೆ ಮಾರಲಿ ಸಾರ್?" ಅಂತ ಅಷ್ಟೇ ಕೇಳಿದರು. ಬೈದಿದ್ದರೇ ವಾಸಿ ಇತ್ತು.

ಶೆಡ್ಡಿನಲ್ಲಿ ಉಳಿದಿದ್ದ ಪ್ಲಗ್‌ಗಳನ್ನೆಲ್ಲ ಟೇಬಲ್ ಮೇಲೆ ಸುರಿದು ನಮ್ಮ ಹುಡುಗರು ಬಿಚ್ಚತೊಡಗಿದರು. ಒಂದರಲ್ಲಿ ತಗಡು. ಇನ್ನೊಂದರಲ್ಲೂ ತಗಡು. ಮತ್ತೊಂದರಲ್ಲಿ ಮುಚ್ಚಳವೇ ಏಳಲಿಲ್ಲ, ಯಾಕೆ ಅಂದರೆ ಅದು ಮುಚ್ಚಳವೇ ಅಲ್ಲ, ಅಚ್ಚಿನಲ್ಲೇ ಎಳೆದ ಗೆರೆ. ಎಲ್ಲರೂ ಸುಮ್ಮನೆ ನಿಂತುಬಿಟ್ಟರು. ಮ್ಯಾಗ್ನೆಟ್ ಹಿಡಿದರೆ ಪಿನ್ ಟಕ್ ಅಂತ ಅಂಟಿಕೊಂಡಿತು. ಹಿತ್ತಾಳೆಗೆ ಮ್ಯಾಗ್ನೆಟ್ ಅಂಟುತ್ತಾ? ಕಬ್ಬಿಣಕ್ಕೆ ಪಾಲಿಷ್ ಕೊಟ್ಟಿದ್ದಾರೆ. ವಯರ್ ಸುಲಿದು ಎಳೆಗಳನ್ನು ಕೆರೆದರೆ ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅರ್ಥ್ ಪಿನ್ನಿಗೂ ಬುಡದಲ್ಲಿ ಕಪ್ಪು ತೋಳು, ಅಂದರೆ ಪ್ಲಾಸ್ಟಿಕ್ ಕವಚ, ಹಾಕಿದ್ದಾರೆ. ಆ ಪ್ಲಾಸ್ಟಿಕ್ ತೋಳು ಇರಬೇಕಾದ್ದು ಲೈನ್, ನ್ಯೂಟ್ರಲ್ ಎರಡಕ್ಕೆ ಮಾತ್ರ. ಅರ್ಥ್ ಪಿನ್ನಿಗೂ ಹಾಕಿದ್ದರೆ ಅಲ್ಲಿಗೆ ಗೊತ್ತಾಯಿತು, ನಕಲಿ. ಉದ್ದವೂ ಇಲ್ಲ. 22.73 ಮಿ.ಮೀ. ಇರಬೇಕಾದ ಪಿನ್ ನಮ್ಮ ಕ್ಯಾಲಿಪರ್‌ನಲ್ಲಿ 21 ಕೂಡ ತೋರಿಸಲಿಲ್ಲ. ಅದು ಮೊದಲು ಒಳಗೆ ಹೋಗಿ ಸಾಕೆಟ್ಟಿನ ಬಾಗಿಲು ತೆಗೆಯಬೇಕಾದ ಪಿನ್ನು!

ಫ್ಯೂಸ್ ಇಲ್ಲದಿದ್ದರೆ ಏನಾಯ್ತು ಅನ್ನುವವರಿಗೆ: ಅಲ್ಲಿ ಎಷ್ಟೋ ಮನೆಗಳಲ್ಲಿ ಸಾಕೆಟ್‌ಗಳೆಲ್ಲ ಒಂದೇ ರಿಂಗ್ ವೈರಿಂಗಿನಲ್ಲಿ ಇರುತ್ತವೆ, ಬ್ರೇಕರ್ 32 ಆಂಪ್. ನಮ್ಮ ಮಷೀನಿನ ಸಣ್ಣ ವಯರಿಗೆ ಏನಾದರೂ ಆದರೆ ಅಷ್ಟು ದೊಡ್ಡ ಬ್ರೇಕರ್ ಬೀಳುವಷ್ಟರಲ್ಲಿ ವಯರ್ ಸುಟ್ಟಿರಬಹುದು. ಅದಕ್ಕೇ ಪ್ಲಗ್ಗಿನೊಳಗೆ ಫ್ಯೂಸ್ ಇಟ್ಟಿರೋದು. ಅದರ ಮೇಲೆ ನಮ್ಮದು ಸ್ಟೀಲ್ ಬಾಡಿ, ಒದ್ದೆ ಕೈಯಲ್ಲಿ ಮುಟ್ಟುವ ಮಷೀನು.

ಸಪ್ಲೈಯರ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ.

"ಫ್ಯೂಸ್ ಅದು ಆಪ್ಷನಲ್ ಸಾರ್. ನೀವು ಫ್ಯೂಸ್ ಬೇಕು ಅಂತ ಹೇಳಲೇ ಇಲ್ವಲ್ಲ."

ಸ್ಯಾಂಪಲ್‌ನಲ್ಲಿ ಇತ್ತಲ್ಲಪ್ಪಾ ಅಂದೆ. "ಅದು ಬೇರೆ ಬ್ಯಾಚು ಸಾರ್." ಬೇರೆ ಬ್ಯಾಚಂತೆ!

ಕಬ್ಬಿಣದ ಪಿನ್ ಬಗ್ಗೆ ಕೇಳಿದರೆ, "ಕರೆಂಟ್ ಪಾಸಾಗುತ್ತೋ ಇಲ್ವೋ? ಮಷೀನ್ ತಿರುಗುತ್ತೋ ಇಲ್ವೋ? ಮತ್ತೇನ್ ಬೇಕು ನಿಮಗೆ?" ಅಂದ.

ಕೊನೆಗೆ ಅವನ ಬ್ರಹ್ಮಾಸ್ತ್ರ: "ಮೇಲೆ ಸಿಇ ಮಾರ್ಕ್ ಇದೆ ನೋಡಿ ಸಾರ್, ಯುರೋಪಿಗೆಲ್ಲ ಅದೇ ಸಾಕು." ಸಿಇ ಅಂದರೆ ಯುರೋಪಿನ ನಿಯಮಕ್ಕೆ ಸರಿಯಾಗಿದೆ ಅಂತ ತಯಾರಕರೇ ಹಾಕುವ ಗುರುತು, ಮನೆಬಳಕೆಯ ಪ್ಲಗ್ಗಿಗೆ ಅದು ಅನ್ವಯಿಸುವುದೇ ಇಲ್ಲ. ಯುರೋಪಿನ ಲೋ ವೋಲ್ಟೇಜ್ ನಿಯಮದಲ್ಲೇ ಮನೆಬಳಕೆಯ ಪ್ಲಗ್, ಸಾಕೆಟ್ಟುಗಳನ್ನು ಹೊರಗಿಟ್ಟಿದ್ದಾರೆ. ಯುಕೆ ಪ್ಲಗ್ಗಿನಲ್ಲಿ ನೋಡಬೇಕಾದ್ದು ಬಿಎಸ್ 1363 ಅನ್ನುವ ನಂಬರ್, ಜೊತೆಗೆ ಪ್ಲಗ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆಸ್ಟಾ ಅಥವಾ ಬಿಎಸ್‌ಐ ತರಹದ ಸಂಸ್ಥೆಯ ಗುರುತು. ಇದನ್ನು ಹೇಳಿದ್ದಕ್ಕೆ "ನೀವು ಜಾಸ್ತಿ ಓದ್ಕೊಂಡಿದ್ದೀರಾ" ಅಂತ ನಕ್ಕ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಸರ್ಟಿಫಿಕೇಟ್ ತೆಗೆದು ನೋಡಿದರೆ ಅದರಲ್ಲಿ ಇರುವ ಕಂಪನಿ ಒಂದು, ಪ್ಲಗ್ ಮೇಲೆ ಅಚ್ಚಾಗಿರುವ ಹೆಸರು ಇನ್ನೊಂದು. ಅದಕ್ಕೆ ಮಾತ್ರ ಉತ್ತರವೇ ಇಲ್ಲ, ಬ್ಲೂ ಟಿಕ್ ಅಷ್ಟೇ.

ಇದೇ ಮಹಾಶಯ ಜರ್ಮನಿಗೂ ಬೇಕಾ ಅಂತ ಮುಂಚೆಯೇ ಒಂದು ಚಪ್ಪಟೆ ಎರಡು ಪಿನ್ನಿನ ಪ್ಲಗ್ ತೋರಿಸಿದ್ದ. ಅದು 2.5 ಆಂಪಿನ ಯುರೋಪ್ಲಗ್, ಅರ್ಥ್ ಬೇಡದ ಡಬಲ್ ಇನ್ಸುಲೇಷನ್ ಸಾಮಾನಿಗೆ ಹಾಕೋದು. ಸ್ಟೀಲ್ ಬಾಡಿಗೆ ಅರ್ಥ್ ಇರುವ ಶುಕೋ ಪ್ಲಗ್ ಬೇಕು. ಫ್ರಾನ್ಸಿಗೂ ಕಳಿಸುವುದಾದರೆ ಎರಡೂ ಕಡೆ ಕೂರುವ ಸಿಇಇ 7/7 ಪ್ಲಗ್ ತಗೊಳ್ಳಿ. ಅಮೆರಿಕಕ್ಕೂ ಪ್ಲಗ್ ಬದಲಾಯಿಸಿದರೆ ಸಾಕು ಅಂದಿದ್ದ! ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಮೋಟರ್ ಬದಲಾಗುತ್ತಾ?

ಲೆಸ್ಟರಿನವರು ಅಲ್ಲೇ ಒಳ್ಳೆ ಪ್ಲಗ್, ವಯರ್ ಹಾಕಿಸಿಕೊಂಡರು. ಖರ್ಚು ನಮ್ಮದು. ಇವನು ಒಂದು ರೂಪಾಯಿ ವಾಪಸ್ ಕೊಟ್ಟಿಲ್ಲ. ಯಾಕೆ ಗೊತ್ತಾ? ಬಿಲ್ಲಿನಲ್ಲಿ "ಪವರ್ ಕಾರ್ಡ್, ಕಪ್ಪು" ಅಂತ ಮಾತ್ರ ಬರೆದಿದ್ದಾನೆ. ಯುಕೆ ಅಂತಲೂ ಇಲ್ಲ, ಬಿಎಸ್ ಅಂತಲೂ ಇಲ್ಲ. ಗ್ರಾಹಕ ಆಯೋಗಕ್ಕೆ ಹೋಗೋಣ ಅಂದರೆ, ವ್ಯಾಪಾರಕ್ಕೆ ಅಂತ ತಗೊಂಡ ಮಾಲು, ನಿಮ್ಮನ್ನು ಗ್ರಾಹಕ ಅಂತ ಒಪ್ಪಿಸೋದೇ ಕಷ್ಟ ಅಂತಾರೆ ವಕೀಲರು.

ಆದ್ದರಿಂದ ಆರ್ಡರಿನಲ್ಲೂ ಬಿಲ್ಲಿನಲ್ಲೂ ಬಿಎಸ್ 1363, ಫ್ಯೂಸ್ 3 ಆಂಪ್, ಪೂರ್ತಿ ತಾಮ್ರದ ವಯರ್ ಅಂತ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಸರ್ಟಿಫಿಕೇಟ್ ನಂಬರನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ, ಇವನು ಕಳಿಸಿದ ಪಿಡಿಎಫ್ ನಂಬಬೇಡಿ. ಲಾಟಿನ ಮಧ್ಯದಿಂದ ನಾಲ್ಕಾರು ಎತ್ತಿ ಬಿಚ್ಚಿ ನೋಡಿದ ಮೇಲೆ ಬಾಕಿ ದುಡ್ಡು ಹಾಕಿ. ಜೇಬಿನಲ್ಲಿ ಮ್ಯಾಗ್ನೆಟ್ ಇರಲಿ.

ನಮಗೆ ಬಂದ ಮಾಲಿನ ಗುರುತು ಇದು: ಕಪ್ಪು ಪ್ಲಗ್, ಮೂರೂ ಪಿನ್ನಿಗೆ ತೋಳು, ಪಿನ್‌ಗಳ ನಡುವೆ ದೊಡ್ಡದಾಗಿ ಸಿಇ, "13ಎ" ಅಂತ ಇದೆ, ಆದರೆ ಫ್ಯೂಸ್ ಇಲ್ಲ. ನಿಮ್ಮ ಗೋಡೌನಿನಲ್ಲಿ ಇಂಥದ್ದು ಇದ್ದರೆ ಮಷೀನಿಗೆ ಹಾಕಬೇಡಿ, ಫೋಟೋ ತೆಗೆದು ನನಗೆ ಕಳಿಸಿ. ವಕೀಲರು ಇನ್ನೂ ಯಾರಾದರೂ ಸಿಕ್ಕರೆ ಒಟ್ಟಿಗೆ ನೋಟಿಸ್ ಕೊಡೋಣ ಅಂದಿದ್ದಾರೆ.